ಎರಡು ಪತ್ರಿಕೆ, ಒಂದು ಹೊಂಡ

ಲಗ್ನಪತ್ರಿಕೆ ಅಚ್ಚು ಹಾಕುವವನಿಗೆ ಕಾಗದದ ಚಿಂತೆ, ಬಣ್ಣದ ಚಿಂತೆ, ಹುಬ್ಬಳ್ಳಿಯಿಂದ ಬರಬೇಕಾದ ಪಾರ್ಸಲ್ಲಿನ ಚಿಂತೆ ಎಲ್ಲ ಇರುತ್ತವೆ. ಆದರೆ ನಿದ್ದೆ ಕೆಡಿಸುವುದು ಹೆಸರು. ಯಾರದು ಮೇಲೆ, ಯಾರದು ಕೆಳಗೆ, ಯಾವ ಕಾಕಾನದು ಬಿಟ್ಟುಹೋಯಿತು, ತೀರಿಕೊಂಡವರ ಸಾಲಿನಲ್ಲಿ ಬದುಕಿದ್ದವರು ಯಾರಾದರೂ ಸೇರಿಕೊಂಡರೇನು, ಇದನ್ನೆಲ್ಲ ಊರು ಕನ್ನಡಕ ಹಾಕಿಕೊಂಡು ಓದುತ್ತದೆ. ಮುಹೂರ್ತ ಎಷ್ಟು ಗಂಟೆಗೆ ಎಂಬುದನ್ನು ಆಮೇಲೆ ನೋಡುತ್ತದೆ.

ನವಲಗುಂದದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಪ್ರೆಸ್ಸು ಇಟ್ಟಿರುವ ರಹಿಮಾನಸಾಬರಿಗೆ ಇದು ಚೆನ್ನಾಗಿ ಗೊತ್ತು. ಸುತ್ತಿನ ಹಳ್ಳಿಗಳ ಮನೆತನಗಳು ಅವರಿಗೆ ಬಾಯಿಪಾಠ. ಪ್ರೆಸ್ಸಿನ ಬಗ್ಗೆ ಅವರು ಜಂಬ ಕೊಚ್ಚಿಕೊಳ್ಳುವ ಮಾತು ಒಂದೇ: "ನನ್ನ ಕಾರ್ಡಿಂದ ಇವತ್ತಿನ ತನಕ ಒಂದು ಮನೀನೂ ಒಡದಿಲ್ಲ."

ಅದಕ್ಕೆ ಕಾರಣ ಒಂದು ಕಟ್ಟಿಗೆಯ ಸ್ಕೇಲು. ಗಿರಾಕಿ ಓದಿ ಸಹಿ ಮಾಡಿದ ಪ್ರೂಫನ್ನು ಕ್ಲಿಪ್ಪಿಗೆ ಸಿಕ್ಕಿಸಿ ಇಡುತ್ತಿದ್ದರು. ಮಶೀನಿನಿಂದ ಮೊದಲ ಕಾರ್ಡು ಬಂದಕೂಡಲೇ ಅದನ್ನು ಪ್ರೂಫಿನ ಬಾಜೂ ಇಟ್ಟು, ಸ್ಕೇಲನ್ನು ಒಂದೊಂದೇ ಸಾಲು ಕೆಳಗೆ ಸರಿಸುತ್ತ, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಅದಾದ ಮೇಲೆಯೇ ಉಳಿದ ಕಾರ್ಡು.

ಈ ಸ್ಕೇಲು ಬಹಳ ಮನೆಗಳ ಮಾನ ಉಳಿಸಿದೆ. ಏಕೆಂದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಹೊಸ ಕಾರ್ಡು ಎಂದರೆ ಆ ಮನೆಯ ಹಳೆಯ ಕಾರ್ಡಿನ ನಕಲು ತೆಗೆದು, ಹೆಸರಿನ ಮೇಲೆ ಹೆಸರು ಬರೆಯುವುದು. ಹತ್ತು ಹೆಸರು ಬದಲಾದರೆ ಹನ್ನೊಂದನೆಯದು ಹಾಗೆಯೇ ಉಳಿಯುತ್ತದೆ. ಒಮ್ಮೆ ಒಬ್ಬ ಮದುಮಗ ತನ್ನದೇ ಪತ್ರಿಕೆಯ ಕೆಳಗೆ, "ನಮ್ಮ ಮಾಮಾನ ಮದುವೆಗೆ ತಪ್ಪದೇ ಬನ್ನಿ" ಎಂದು ಕರೆಯುವ ಚಿಕ್ಕ ಮಕ್ಕಳ ಸಾಲಿನಲ್ಲಿ ಚಿಂಟು ಎಂಬ ಚಿಕ್ಕಂದಿನ ಹೆಸರಿನಿಂದ ಉಳಿದುಕೊಂಡಿದ್ದ. ಸ್ಕೇಲು ಹಿಡಿಯಿತು.

ರಹಿಮಾನಸಾಬರ ಮಗಳು ತಬಸುಮ್ ಬಿ.ಸಿ.ಎ. ಮುಗಿಸಿ ಅಂಗಡಿಗೆ ಬಂದು ಕೂತ ಮೇಲೆ ಈ ನಕಲಿನ ಕಾಟವನ್ನೇ ತೆಗೆಯಬೇಕೆಂದು ಹಟ ಹಿಡಿದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಕಲಿತಳು, ಒಂದು ಬೇಸಿಗೆ ಪೂರ್ತಿ ಕುಳಿತು ಪತ್ರಿಕೆ ತಯಾರಿಸುವ ಒಂದು ಪುಟ ಕಟ್ಟಿದಳು. ಅದರಲ್ಲಿ ಪ್ರತಿ ಮನೆತನಕ್ಕೂ ಒಂದು ಗಂಟು: ಊರು, ಮನೆದೇವರು, ತೀರಿಕೊಂಡ ಹಿರಿಯರು, ಕರೆಯುವವರು. ಪ್ರತಿ ಮದುವೆಗೂ ಒಂದು ಗಂಟು: ವಧು, ವರ, ಮುಹೂರ್ತ, ಕಲ್ಯಾಣ ಮಂಟಪ. ಇಂಥ ಗಂಟಿಗೆ ಜಾವಾಸ್ಕ್ರಿಪ್ಟಿನಲ್ಲಿ ಆಬ್ಜೆಕ್ಟ್ ಎನ್ನುತ್ತಾರೆ, ಒಳಗಿನ ಒಂದೊಂದು ವಿವರಕ್ಕೆ ಪ್ರಾಪರ್ಟಿ. ಗಂಟಿನ ಹೆಸರಿಗೆ ಮೊದಲು ಮೂರು ಚುಕ್ಕೆ ಇಟ್ಟರೆ ಆ ಗಂಟಿನಲ್ಲಿದ್ದದ್ದೆಲ್ಲ ಹೊಸ ಗಂಟಿಗೆ ಸುರಿಯುತ್ತದೆ. ಮೊದಲು ಮನೆ ಸುರಿ, ಆಮೇಲೆ ಮದುವೆ ಸುರಿ, ಪತ್ರಿಕೆ ತಯಾರು. ಎರಡರಲ್ಲೂ ಒಂದೇ ಹೆಸರಿನ ಪ್ರಾಪರ್ಟಿ ಇದ್ದರೆ ನಂತರ ಸುರಿದದ್ದೇ ಉಳಿಯುತ್ತದೆ.

"ಹಂಗಂದ್ರ ಕೊನೀಗೆ ಬಂದಾಕಿ ಮಾತ ನಡೀತೈತಿ ಅನ್ನು," ಎಂದಿದ್ದರು ರಹಿಮಾನಸಾಬರು. "ನಮ್ಮ ಮನ್ಯಾಗ ಇದ್ದಂಗ."

ಮನೆಯಲ್ಲಿ ತಬಸುಮ್ ಕೊನೆಯವಳು. ಮನೆಯಲ್ಲಿ ಅವರದು ಉರ್ದು, ಅಂಗಡಿಯಲ್ಲಿ ಕನ್ನಡ. ಗಿರಾಕಿ ಎದುರು ಅವನಿಗೆ ತಿಳಿಯದ ಮಾತು ನಡೆದರೆ ಸಂಶಯ ಬರುತ್ತದೆ ಎಂಬುದು ಅಬ್ಬಾನ ಲೆಕ್ಕ.

ಶುರುವಿನಲ್ಲಿ ಒಂದು ತೊಡಕು ಬಂದಿತ್ತು. ಮದುವೆಯ ಗಂಟಿನಲ್ಲಿ ಮನೆದೇವರ ಜಾಗವನ್ನು ಖಾಲಿ ಬಿಟ್ಟಿದ್ದಳು. ಖಾಲಿಯೂ ನಂತರ ಬಂದದ್ದೇ ಅಲ್ಲವೆ, ಅದು ಮನೆಯ ಗಂಟಿನ ದೇವರನ್ನು ಒರೆಸಿ ಕೂತಿತು. ಪ್ರೂಫಿನಲ್ಲೇ ಸಿಕ್ಕಿದ್ದರಿಂದ ಸರಿಮಾಡಿದಳು. ಆಮೇಲೆ ಇಡೀ ಹಂಗಾಮು ಒಂದು ತಪ್ಪೂ ಬರಲಿಲ್ಲ. ಆಗ ತಬಸುಮ್ ಸ್ಕೇಲಿನ ವಿಷಯ ತೆಗೆದಳು.

"ಅಬ್ಬಾ, ಸ್ಕ್ರೀನಿನ್ಯಾಗ ಇದ್ದದ್ದ ಅಚ್ಚಾಗ್ತೈತಿ. ಮತ್ತ ಓದೂದು ಯಾಕ?"

ರಹಿಮಾನಸಾಬರು ಸ್ಕೇಲನ್ನು ಮೊಳೆಗೆ ನೇತುಹಾಕಿದರು. "ಓದೂದಿಲ್ಲ. ಆದ್ರ ಒಂದು ಮಾತು. ಒಂದು ಮನೀದು ಒಂದು ಹೆಸರು ತಪ್ಪಿ ಹೊರಗ ಹೋತಂದ್ರ ನಿನ್ನ ಪುಟ ಬಂದ್. ಹಳೇ ಪದ್ಧತಿ."

"ಕಬೂಲ್," ಎಂದಳು ತಬಸುಮ್.

ಆಮೇಲೆ ಬಂದ ಏಪ್ರಿಲ್‌ನ ಒಂದು ಸೋಮವಾರ ಬೆಳಿಗ್ಗೆ ತಿರ್ಲಾಪುರದ ಮಡಿವಾಳೆಪ್ಪ ಬಂದರು. ಮಗಳು ರೋಹಿಣಿಯ ಮದುವೆ, ಬೀಗರು ಬಮ್ಮಿಗಟ್ಟಿಯವರು. ತಬಸುಮ್ ಆ ಮನೆತನದ ಗಂಟನ್ನು ಹೊಸದಾಗಿ ಕಟ್ಟುತ್ತ ಕೇಳಿದಳು, ಅವರು ಹೇಳುತ್ತ ಹೋದರು. ಕರೆಯುವವರ ಪಟ್ಟಿಯಲ್ಲಿ ಮೊದಲು ತಾಯಿ ಶಾರದವ್ವ, ಆಮೇಲೆ ತಾವು ಮತ್ತು ತಮ್ಮ ಹೆಂಡತಿ.

"ಮುಂದ, ಕಾಕಾ?"

"ಮುಂದ ಏನಿಲ್ಲ."

ಕಾಗದ ಕತ್ತರಿಸುತ್ತಿದ್ದ ರಹಿಮಾನಸಾಬರು ತಲೆ ಎತ್ತಿದರು. "ಗೌರೀಶಂದು?"

"ಹಾಕಬ್ಯಾಡ್ರಿ."

"ಒಡಹುಟ್ಟಿದ ತಮ್ಮರಿ. ಊರು ಓದತೈತಿ."

"ಓದಲಿ. ಸಾಲಿ ಕಲತಾರ, ಓದಲಿ."

ಹೆಚ್ಚು ಕೇಳುವ ಅಗತ್ಯವಿರಲಿಲ್ಲ. ತಿರ್ಲಾಪುರದ ಅಣ್ಣ-ತಮ್ಮಂದಿರ ಜಗಳ ನವಲಗುಂದಕ್ಕೂ ತಿಳಿದಿತ್ತು. ಬೇರೆಯಾದಾಗ ಹೊಲ ಎರಡು ಮಾಡಿಕೊಂಡರು, ಮನೆಗೆ ನಡುವೆ ಗೋಡೆ ಎತ್ತಿದರು, ಎತ್ತು, ಬಂಡಿ, ಹಿತ್ತಾಳೆ ಹಂಡೆ ಎಲ್ಲ ಹಂಚಿಕೊಂಡರು. ಉಳಿದದ್ದು ಕೃಷಿ ಹೊಂಡ. ಕೂಡಿ ಇದ್ದಾಗ ತೋಡಿಸಿದ್ದು, ಸರಿಯಾಗಿ ಗಡಿಯ ಮೇಲೆ. ಇಬ್ಬರ ಕಾಗದದಲ್ಲೂ 'ಹೊಂಡ' ಎಂದು ಬರೆಸಿಕೊಂಡರು. ನೀರು ಮಾತ್ರ ಒಂದೇ. ಹೋದ ವರ್ಷ ಅಣ್ಣನ ಮೆಣಸಿನ ಗಿಡಕ್ಕೆ ಬೇಕಾದಾಗ ತಮ್ಮ ಪಂಪು ಹಚ್ಚಿ ಹತ್ತಿಗೆ ಬಿಟ್ಟುಕೊಂಡಿದ್ದ. ಅಂದಿನಿಂದ ಗೋಡೆಯ ಆಚೆ-ಈಚೆ ಮಾತು ನಿಂತಿತ್ತು.

ಮಡಿವಾಳೆಪ್ಪ ಪ್ರೂಫ್ ಓದಿ, ತಾರೀಖು ಬರೆದು ಸಹಿ ಮಾಡಿ ಹೋದರು.

ಅದೇ ದಿನ ಮಧ್ಯಾಹ್ನ ಗೌರೀಶನೂ ಬಂದ. ಮಗ ಹೇಮಂತನ ಮದುವೆ, ಅದೇ ತಿಂಗಳ ಕೊನೆಗೆ. ಅಣ್ಣ-ತಮ್ಮ ಮಾತಾಡಿಕೊಂಡು ಬಂದವರಲ್ಲ. ಒಳ್ಳೆಯ ದಿನಕ್ಕಾಗಿ ಇಬ್ಬರೂ ಕೇಳುವ ಅಯ್ಯನವರು ಒಬ್ಬರೇ. ಪತ್ರಿಕೆಗೆ ಕೊಡಲು ಸೋಮವಾರ ಒಳ್ಳೆಯದೆಂದು ಇಬ್ಬರಿಗೂ ಬೇರೆ ಬೇರೆ ಕಾಲಕ್ಕೆ ಹೇಳಿದ್ದರು.

ತಬಸುಮ್‌ಗೆ ಕೆಲಸ ಹಗುರಾಯಿತು. ಮನೆ ಒಂದೇ, ದೇವರು ಒಂದೇ, ತೀರಿಕೊಂಡ ಹಿರಿಯರು ಅವರೇ. ಬೆಳಿಗ್ಗೆಯ ಪುಟ ತೆರೆದೇ ಇತ್ತು. ಮೂರು ಚುಕ್ಕೆ ಇಟ್ಟು ಅದೇ ಮನೆಯ ಗಂಟನ್ನು ಸುರಿದಳು, ಮೇಲೆ ಹೇಮಂತನ ಮದುವೆಯ ಗಂಟು ಸುರಿದಳು. ಕರೆಯುವವರ ಪಟ್ಟಿ ಸ್ಕ್ರೀನಿನ ಮೇಲೆ ಬಂತು. ಅಣ್ಣನ ಹೆಸರು ಕಂಡು ಅವಳ ಕೈ ತಡೆಯಿತು.

"ಕಾಕಾ, ಇಲ್ಲಿ ನಿಮ್ಮ ಅಣ್ಣಾರದು ಬಂದೈತಿ. ತಗೀಲೇನ್ರಿ?"

ಗೌರೀಶ ಬಗ್ಗಿ ನೋಡಿದ. "ಅಂವ ನಂದು ಹಾಕ್ಸ್ಯಾನೇನು?"

ತಬಸುಮ್ ಅಪ್ಪನ ಕಡೆ ನೋಡಿದಳು. ಒಬ್ಬರ ಪತ್ರಿಕೆಯ ಮಾತು ಇನ್ನೊಬ್ಬರಿಗೆ ಹೇಳುವ ಪದ್ಧತಿ ಅಂಗಡಿಯಲ್ಲಿ ಇರಲಿಲ್ಲ.

"ತಿಳೀತು ಬಿಡು," ಎಂದ ಗೌರೀಶ. "ಅಂವಂದು ಇರಲಿ. ಹಿರ್ಯಾ ಅದಾನ, ಮ್ಯಾಲೆ ಇರಲಿ. ನಮ್ಮದು ಅದರ ಕೆಳಗ ಬರಿ."

ಕೆಳಗೆ ಸೇರಿಸಿದಳು. ಅವನೂ ಪ್ರೂಫ್ ಓದಿ ಸಹಿ ಮಾಡಿದ. ಸಂಜೆ ಅಂಗಡಿ ಮುಚ್ಚುವಾಗ ತಬಸುಮ್ ಎಂದಿನಂತೆ ಎಲ್ಲವನ್ನೂ ಸೇವ್ ಮಾಡಿ ಪುಟ ಮುಚ್ಚಿದಳು.

ಗುರುವಾರ ಹುಬ್ಬಳ್ಳಿಯಿಂದ ಖಾಲಿ ಕಾರ್ಡು ಬಂದವು. ಮಡಿವಾಳೆಪ್ಪನವರ ಕೆಲಸ ಮೊದಲು ಮುಗಿಯಿತು. ಮರುದಿನ ಬಂದು ಕಟ್ಟು ಒಯ್ದರು. ಸ್ಕೇಲು ಮೊಳೆಯಲ್ಲಿತ್ತು.

ಶನಿವಾರ ಬೆಳಿಗ್ಗೆ ಗೌರೀಶನ ಕಾರ್ಡು ಮಶೀನಿನಿಂದ ಬಂದಾಗ ತಬಸುಮ್ ಒಂದನ್ನು ತೆಗೆದು ಮಾದರಿಯ ಡಬ್ಬಿಗೆ ಹಾಕಲು ಹೋದಳು. ಪ್ರತಿ ಮದುವೆಯದೂ ಒಂದು ಕಾರ್ಡು ಅಲ್ಲಿರುತ್ತದೆ, ಮುಂದಿನ ಗಿರಾಕಿಗೆ ತೋರಿಸಲು. ಮೇಲೆಯೇ ಮಡಿವಾಳೆಪ್ಪನವರದು ಇತ್ತು. ಎರಡನ್ನೂ ಕೈಯಲ್ಲಿ ಹಿಡಿದು, ಯಾವುದರ ಬಂಗಾರದ ಬಣ್ಣ ಚೆನ್ನಾಗಿ ಬಂದಿದೆ ಎಂದು ನೋಡುತ್ತಿದ್ದವಳ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ಕರೆಯುವವರು ಎರಡರಲ್ಲೂ ಒಂದೇ. ಶಾರದವ್ವ, ಮಡಿವಾಳೆಪ್ಪ ದಂಪತಿ, ಗೌರೀಶ ದಂಪತಿ.

ಕ್ಲಿಪ್ಪಿನಿಂದ ಅಣ್ಣನ ಪ್ರೂಫ್ ತೆಗೆದಳು. ಅದರಲ್ಲಿ ಗೌರೀಶ ಇರಲಿಲ್ಲ. ಕೆಳಗೆ ಮಡಿವಾಳೆಪ್ಪನವರ ದಪ್ಪ ಸಹಿ ಇತ್ತು.

ಅಬ್ಬಾ ಚಹಾಕ್ಕೆ ಹೋಗಿದ್ದರು. ತಬಸುಮ್ ಮೊದಲು ತಾನೇ ಆ ಹೆಸರನ್ನು ಬರೆದೆನೇನೋ ಎಂದುಕೊಂಡಳು. ಬರೆದಿರಲಿಲ್ಲ. ಪುಟ ತೆರೆದು, ಸೋಮವಾರ ಮಾಡಿದ್ದನ್ನೇ ಮತ್ತೊಮ್ಮೆ ಮಾಡಿ ನೋಡಿದಳು. ಅದೇ ಮನೆಯ ಗಂಟು ಮತ್ತೆ ಕಟ್ಟಿದಳು, ಮೂರು ಚುಕ್ಕೆಯಿಂದ ಎರಡು ನಕಲು ತೆಗೆದಳು. ಎರಡನೆಯದರಲ್ಲಿ ವರನ ಹೆಸರು ಬದಲಿಸಿದಳು, ಮೊದಲನೆಯದು ಅಲ್ಲಾಡಲಿಲ್ಲ. ಸರಿಯಾಗಿದೆ. ಎರಡನೆಯದರ ಕರೆಯುವವರ ಪಟ್ಟಿಗೆ ತನ್ನ ಅಜ್ಜ ಬಾಬಾಸಾಬನ ಹೆಸರು ಸೇರಿಸಿದಳು, ಮೊದಲನೆಯದನ್ನು ತೆರೆದಳು. ಮಡಿವಾಳೆಪ್ಪನವರ ಮಗಳ ಮದುವೆಗೆ ಬಾಬಾಸಾಬರು ಸಕುಟುಂಬ ಕರೆಯುತ್ತ ನಿಂತಿದ್ದರು.

ಬೇರೆ ಹೊತ್ತಿನಲ್ಲಾಗಿದ್ದರೆ ನಗು ಬರುತ್ತಿತ್ತು.

ಆಗಿದ್ದು ಇಷ್ಟು. ಮೂರು ಚುಕ್ಕೆ ಗಂಟಿನ ಮೇಲಿನ ಪದರವನ್ನು ಮಾತ್ರ ನಕಲು ಮಾಡುತ್ತದೆ. ಊರು, ದೇವರು, ಮುಹೂರ್ತದಂಥ ಬಿಡಿ ಮಾತುಗಳು ಎರಡೂ ಕಡೆ ಬೇರೆ ಬೇರೆಯಾಗಿ ಕೂಡುತ್ತವೆ. ಆದರೆ ಗಂಟಿನೊಳಗೆ ಇನ್ನೊಂದು ಗಂಟು ಇದ್ದರೆ, ಕರೆಯುವವರ ಪಟ್ಟಿಯ ಹಾಗೆ, ಅದು ಎರಡಾಗುವುದಿಲ್ಲ. ಅದು ಇರುವ ಜಾಗದ ಗುರುತು ಮಾತ್ರ ಎರಡೂ ಕಡೆ ಬೀಳುತ್ತದೆ. ಯಾರು ಹೋಗಿ ಏನು ಹಾಕಿದರೂ ಇಬ್ಬರಿಗೂ ಕಾಣುತ್ತದೆ. ಇಡೀ ಹಂಗಾಮು ಇದು ತಲೆ ಎತ್ತಲಿಲ್ಲ, ಯಾಕೆಂದರೆ ಒಂದೇ ಮನೆಯ ಎರಡು ಮದುವೆ ಒಂದೇ ದಿನ, ನಡುವೆ ಪುಟ ಮುಚ್ಚದೆ ಬಂದದ್ದೇ ಇಲ್ಲ. ನಡುವೆ ಒಮ್ಮೆ ಸೇವ್ ಮಾಡಿ ಪುಟ ಮುಚ್ಚಿದ್ದರೂ ಪಟ್ಟಿಗಳು ಬೇರೆಯಾಗಿಬಿಡುತ್ತಿದ್ದವು. ಅಂದು ಮಧ್ಯಾಹ್ನ ಕರೆಂಟೂ ಹೋಗಲಿಲ್ಲ. ಬೇಡದ ದಿನ ಎರಡು ಸಲ ಹೋಗುತ್ತದೆ.

ಪರಿಹಾರ ಸಣ್ಣದು. ಒಳಗಿನ ಗಂಟುಗಳನ್ನೂ ಬುಡಸಮೇತ ಹೊಸದು ಮಾಡುವ ಸ್ಟ್ರಕ್ಚರ್ಡ್ ಕ್ಲೋನ್ ಎಂಬ ಆಜ್ಞೆ ಇದೆ. ಮೂರು ಚುಕ್ಕೆಯ ಜಾಗದಲ್ಲಿ ಅದನ್ನು ಹಾಕಿ ಮತ್ತೆ ನೋಡಿದಳು. ಬಾಬಾಸಾಬರು ಎರಡನೆಯದರಲ್ಲಿ ಉಳಿದರು, ಮೊದಲನೆಯದರಿಂದ ಹೊರಟುಹೋದರು. ಆದರೆ ಅದು ಮುಂದಿನ ಪತ್ರಿಕೆಗಳ ಮಾತು. ತಿರ್ಲಾಪುರಕ್ಕೆ ಹೋದ ಕಟ್ಟಿಗೆ ಯಾವ ಆಜ್ಞೆಯೂ ಮುಟ್ಟುವುದಿಲ್ಲ.

ರಹಿಮಾನಸಾಬರು ಬಂದಾಗ ಎರಡು ಕಾರ್ಡು, ಒಂದು ಪ್ರೂಫು ಟೇಬಲ್ಲಿನ ಮೇಲಿದ್ದವು. ತಬಸುಮ್ ಏನನ್ನೂ ಮುಚ್ಚಿಡದೆ ಹೇಳಿದಳು. ಅವರು ಓದಿದರು, ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೆ ಓದಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಫೋನ್ ಹಚ್ಚು," ಎಂದರು.

"ನೀವು ಮಾತಾಡ್ತೀರಾ?"

"ಪುಟ ನಿಂದು."

ಆ ಕಡೆ ಮಡಿವಾಳೆಪ್ಪ ಮಾತನ್ನು ಪೂರ್ತಿ ಮಾಡಗೊಡಲಿಲ್ಲ. "ಗೊತ್ತಾಗೇತಿ. ಬರಾಕತ್ತೀನಿ," ಎಂದು ಇಟ್ಟರು.

ಬಂದಾಗ ಒಬ್ಬರೇ ಇರಲಿಲ್ಲ. ಹಿಂದೆ ಕೋಲು ಊರಿಕೊಂಡು ತಾಯಿ ಶಾರದವ್ವ ಬರುತ್ತಿದ್ದಳು. ಮಡಿವಾಳೆಪ್ಪ ಹಂಚಿ ಉಳಿದ ಕಾರ್ಡಿನ ಕಟ್ಟನ್ನು ಟೇಬಲ್ಲಿನ ಮೇಲೆ ಧೊಪ್ಪನೆ ಹಾಕಿದರು.

"ಸಾಬ್ರ, ನನ್ನ ತಮ್ಮ ನಿಮಗ ಏನು ತಿನಿಸ್ಯಾನ?"

"ಏನೂ ತಿನಿಸಿಲ್ರಿ. ತಪ್ಪು ನಮ್ಮದು. ಕೂಡ್ರಿ, ನೀರು ಕುಡೀರಿ."

"ಅಬ್ಬಾಂದಲ್ರಿ ಕಾಕಾ," ಎಂದಳು ತಬಸುಮ್. "ನಂದು."

"ನಿಂದೋ ಅವರದೋ, ಇಪ್ಪತ್ತು ವರ್ಷ ಆತು ಇಲ್ಲೇ ಅಚ್ಚು ಹಾಕಸ್ತೀನಿ. ಸಹಿ ಮಾಡಿ ಹೋದ ಮ್ಯಾಲೆ ಹೆಸರು ತಾನ ಹುಟ್ಟಿಕೊಳ್ತೈತೇನು?"

ಶಾರದವ್ವ ಬಾಕಿನ ಮೇಲೆ ಸರಿದು ಕುಳಿತಳು. "ಫ್ಯಾನು ಈ ಕಡೆ ತಿರುಗಿಸು ತಂಗಿ. ಇಂವ ಒದರೂದು ಮುಗಿಯೂತನ ಗಾಳಿ ತಗೋತೀನಿ."

ತಬಸುಮ್ ಫ್ಯಾನು ತಿರುಗಿಸಿ ಬಂದು ಹೇಳಲು ಶುರುಮಾಡಿದಳು. ಆಬ್ಜೆಕ್ಟ್, ಪಟ್ಟಿ, ನಕಲು. ಮಡಿವಾಳೆಪ್ಪನವರ ಮುಖ ನೋಡಿದರೆ ಒಂದೂ ಇಳಿಯುತ್ತಿರಲಿಲ್ಲ. ಅವಳಿಗೆ ಇನ್ನೊಂದು ದಾರಿ ಹೊಳೆಯಿತು, ಹಿಂದೆ-ಮುಂದೆ ನೋಡದೆ ಆಡಿಬಿಟ್ಟಳು.

"ಕಾಕಾ, ನೀವು ಬ್ಯಾರೆ ಆದಾಗ ಎಲ್ಲಾ ಎರಡು ಮಾಡಿಕೊಂಡ್ರಿ. ಇಬ್ಬರ ಕಾಗದದಾಗೂ ಹೊಂಡ ಅಂತ ಬರದೈತಿ. ಆದ್ರ ಹೊಂಡ ಒಂದ ಐತಲ್ರಿ? ಅವರು ಪಂಪು ಹಚ್ಚಿದ್ರ ನಿಮ್ಮ ಕಡೆ ನೀರೂ ಇಳೀತೈತಿ. ನನ್ನ ಪುಟದಾಗ ಹಂಗ ಆತು. ದೇವರು, ಊರು, ಮುಹೂರ್ತ ಎರಡಾದ್ವು. ಕರಿಯೂರ ಪಟ್ಟಿ ಒಂದ ಉಳೀತು. ಅವರದಕ್ಕ ಹಾಕಿದ್ದು ನಿಮ್ಮದಕ್ಕೂ ಬಂತು."

ರಹಿಮಾನಸಾಬರು ಮಗಳನ್ನು ದುರುಗುಟ್ಟಿ ನೋಡಿದರು. ಆ ಅಂಗಡಿಯಲ್ಲಿ ಅಂದು ಆಡಬಾರದ ಮಾತು ಒಂದೇ ಇತ್ತು, ಹೊಂಡ.

ಮಡಿವಾಳೆಪ್ಪ ಕುರ್ಚಿ ಎಳೆದು ಕುಳಿತರು. ಸಿಟ್ಟು ಹೋಗಿರಲಿಲ್ಲ, ಆದರೆ ವಿಷಯ ತಿಳಿದಿತ್ತು, ತಿಳಿಯಬಾರದಷ್ಟು ಚೆನ್ನಾಗಿ.

"ಅದನ್ನೂ ಎರಡು ಮಾಡಬೇಕಿತ್ತು ಹಂಗಾರ."

"ಮಾಡಬೇಕಿತ್ತ್ರಿ. ಈಗ ಮಾಡೀನಿ. ಕಂಪ್ಯೂಟರಿನ್ಯಾಗ ಒಂದು ಮಾತು ಬದಲು ಮಾಡಿದ್ರ ಆತು."

"ಹೊಲದಾಗ ಅರ್ಧ ಹೊಂಡ ತೋಡಾಕ ಬರೂದಿಲ್ಲ," ಎಂದರು ಮಡಿವಾಳೆಪ್ಪ. "ಇರಲಿ. ತಗೀರಿ ಅವನ ಹೆಸರು. ಹೊಸಾದು ಹಾಕಿ ಕೊಡ್ರಿ."

"ಸಂಜೀ ಒಳಗ ಕೊಡ್ತೀವ್ರಿ," ಎಂದರು ರಹಿಮಾನಸಾಬರು. "ನಿಮಗ ಒಂದು ಪೈಸಾ ಖರ್ಚಿಲ್ಲ."

"ಜಗಲಿ ಮ್ಯಾಲಿಂದು?" ಎಂದಳು ಶಾರದವ್ವ.

ಯಾರೂ ಅವಳ ಕಡೆ ಗಮನ ಕೊಟ್ಟಿರಲಿಲ್ಲ. ಅವರ ಮನೆಯಲ್ಲಿ ಮೊದಲ ಪತ್ರಿಕೆಯ ನಾಲ್ಕು ಮೂಲೆಗೆ ಅರಿಷಿಣ ಹಚ್ಚಿ ದೇವರ ಜಗಲಿಯ ಮೇಲೆ ಇಡುತ್ತಾರೆ, ದೇವರಿಗೆ ಓದಿ ಹೇಳುತ್ತಾರೆ. ಆಮೇಲೆಯೇ ಬೀಗರಿಗೆ, ಊರಿಗೆ ಹಂಚುವುದು.

"ಅದನ್ನೂ ಬದಲಿ ಮಾಡೂಣು, ಯವ್ವಾ."

"ಯಾರು ಮಾಡ್ತಾರ? ನೀ ಮಾಡ್ತೀ ಏನು? ಅರಿಷಿಣ ಹಚ್ಚಿದಾಕಿ ನಾನು. ದೇವರಿಗೆ ಒಂದು ಓದಿ ಊರಿಗೆ ಒಂದು ಹಂಚೂದು ನಮ್ಮ ಮನ್ಯಾಗ ಆಗಿಲ್ಲ. ನಿಮ್ಮಪ್ಪ ಇದ್ದಾಗ ಛತ್ರದ ಹೆಸರು ತಪ್ಪಾಗಿತ್ತು. ಜಗಲಿ ಮ್ಯಾಲೆ ಇಟ್ಟ ಮ್ಯಾಲೆ ಗೊತ್ತಾತು. ಬದಲಿ ಮಾಡಲಿಲ್ಲ. ಮಂದೀನ ಬಾಯಿಲೆ ಕರದು ಛತ್ರ ತೋರಿಸಿದ."

"ಛತ್ರ ಬ್ಯಾರೆ, ಇದು ಬ್ಯಾರೆ."

"ಬ್ಯಾರೇನ. ಛತ್ರ ನನ್ನ ಹೊಟ್ಟ್ಯಾಗ ಹುಟ್ಟಿದ್ದಿಲ್ಲ."

ಮಡಿವಾಳೆಪ್ಪ ತಾಯಿಯ ಕಡೆ ಪೂರ್ತಿ ತಿರುಗಿದರು. "ಯವ್ವಾ, ಜಗಲಿ ಮುಂದ ಓದಿದಾಕಿ ರೋಹಿಣಿ. ನೀ ಕುಂತು ಕೇಳೀದಿ. ಆಗ ಗೊತ್ತಾಗಲಿಲ್ಲೇನು ನಿನಗ?"

"ಗೊತ್ತಾತು. ಆಕಿ ಆ ಹೆಸರು ಎರಡು ಸಲ ಓದಿದಳು."

"ಮತ್ತ ಯಾಕ ಹೇಳಲಿಲ್ಲ?"

"ನೀ ಹಾಕ್ಸೀ ಅಂತ ತಿಳದೆ. ಬುದ್ಧಿ ಬಂತಪಾ ಅಂತ ಬಾಯಿ ಮುಚಗೊಂಡು ಕುಂತೆ. ಮಾತಾಡಿದ್ರ ಎಲ್ಲಿ ತಗಸ್ತಾನೋ ಅಂತ."

ಮಡಿವಾಳೆಪ್ಪ ಒಂದು ಕಾರ್ಡು ಎತ್ತಿ, ಬಿಡಿಸಿ, ಓದದೆ ಮಡಚಿದರು. ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು:

"ಬಮ್ಮಿಗಟ್ಟಿ ಬೀಗರು ಮುಂಜಾನೆ ಫೋನ್ ಮಾಡಿದ್ರು. ತಮ್ಮಂದೂ ಹೆಸರು ಐತಿ, ಇನ್ನೇನು ಚಿಂತಿಲ್ಲ ಬಿಡ್ರಿ, ಅಂದ್ರು. ಇಷ್ಟು ದಿನ ಅವರಿಗೆ ಚಿಂತಿ ಇತ್ತು ಅನ್ನೂದ ನನಗ ಗೊತ್ತಿದ್ದಿಲ್ಲ. ಈಗ ಅವರಿಗೆ ಏನ್ ಹೇಳೂದು, ಮಶೀನ್ ಹಾಕಿತ್ತು ತಗದೀವಿ ಅನ್ನೂದೇನು?"

ರಹಿಮಾನಸಾಬರು ಟೇಬಲ್ಲಿನ ಮೇಲಿನ ಪ್ರೂಫನ್ನು ಕ್ಲಿಪ್ಪಿಗೆ ಮರಳಿ ಸಿಕ್ಕಿಸಿದರು. ಇಂಥ ಕಡೆ ಬಾಯಿ ಹಾಕಬಾರದೆಂಬುದು ಅವರು ಎಂದೋ ಕಲಿತ ಪಾಠ. ಮಡಿವಾಳೆಪ್ಪ ಎದ್ದು ಕಟ್ಟನ್ನು ಕೈಗೆ ತೆಗೆದುಕೊಂಡರು.

"ಇರಲಿ ಬಿಡ್ರಿ. ಆಗಿದ್ದು ಆತು. ಆದ್ರ ಇದನ್ನ ನಾ ಹಾಕ್ಸಿಲ್ಲ. ಮಶೀನ್ ಹಾಕೇತಿ. ನಾಳೆ ಯಾರರ ಕೇಳಿದ್ರ ಹಂಗ ಹೇಳಾಂವ."

ಅವರು ಬಾಗಿಲ ಕಡೆ ಹೊರಟರು. ತಬಸುಮ್‌ಗೆ ಆ ಒಂದು ಗಳಿಗೆಯಲ್ಲಿ ಎಲ್ಲ ಸ್ಪಷ್ಟವಾಗಿ ಕಂಡಿತು. ಅವರು ಹೀಗೆಯೇ ಹೋಗಲಿ, ಕಾರ್ಡು ಮರಳಿ ಬರುವುದಿಲ್ಲ, ಅಬ್ಬಾ ಕೂಡ ತಪ್ಪನ್ನು ತಪ್ಪೆಂದು ಎಣಿಸಲಿಕ್ಕಿಲ್ಲ, ಪುಟ ಉಳಿಯುತ್ತದೆ. ಸುಮ್ಮನಿದ್ದರೆ ಸಾಕು. ಆದರೆ ಮಶೀನು ಹಾಕಿದ ಹೆಸರು ಎಷ್ಟು ದಿನ ನಿಂತೀತು? ಮದುವೆಯ ದಿನ ಅಂಗಳದಲ್ಲಿ ಯಾರಾದರೂ ಒಬ್ಬರು ಗೌರೀಶನಿಗೆ, ನಿನ್ನ ಹೆಸರು ಬಂದದ್ದು ಕಂಪ್ಯೂಟರಿನ ತಪ್ಪಿನಿಂದ ಕಣಪ್ಪಾ ಎಂದರೆ ಸಾಕು. ಹೆಸರು ಬಿಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ದೊಡ್ಡ ಜಗಳ ಆಗುತ್ತದೆ.

"ಕಾಕಾ, ನಿಲ್ರಿ."

ಮಡಿವಾಳೆಪ್ಪ ನಿಂತರು.

"ಹಂಗ ಒಯ್ಯಾಕ ಬರೂದಿಲ್ರಿ. ಸಹಿ ಇಲ್ಲದ ಕಾರ್ಡು ನಮ್ಮ ಅಂಗಡಿಯಿಂದ ಹೋಗೂದಿಲ್ಲ. ನಿಮ್ಮ ಸಹಿ ಇರೂದು ಆ ಪ್ರೂಫಿಗೆ, ಅದರಾಗ ಅವರ ಹೆಸರಿಲ್ಲ. ಒಂದಾ ಹೊಸಾದು ಅಚ್ಚು ಹಾಕಿ ಕೊಡ್ತೀವಿ. ಇಲ್ಲಂದ್ರ ಇದ್ದದ್ದಕ್ಕ ಸಹಿ ಮಾಡ್ರಿ."

"ಮಂದಿಗೆ ಹಂಚೀನಿ, ಇನ್ನ ಸಹಿ ತಗೊಂಡು ಏನು ಮಾಡ್ತಿ?"

"ನನಗ ಬೇಕ್ರಿ. ಹೊಸಾದು ಹಾಕಿದ್ರ ಅಬ್ಬಾ ನನ್ನ ಪುಟ ಬಂದ್ ಮಾಡ್ತಾರ. ಮಾಡಲಿ. ಆದ್ರ ಮಶೀನ್ ಹಾಕಿದ ಹೆಸರು ಅಂತ ಒಯ್ಯಬ್ಯಾಡ್ರಿ. ಹೆಸರು ಮಶೀನ್ ಹಾಕೂದಲ್ಲ, ಮನ್ಯಾಗಿನವರು ಹಾಕೂದು."

ರಹಿಮಾನಸಾಬರು ಮಗಳನ್ನು ಮತ್ತೊಮ್ಮೆ ನೋಡಿದರು. ಈ ಸಲ ಬೇರೆ ರೀತಿಯಲ್ಲಿ.

"ಇದು ಯಾರ ಹೊಟ್ಟ್ಯಾಗ ಹುಟ್ಟೇತ್ರಿ ಸಾಬ್ರ," ಎಂದಳು ಶಾರದವ್ವ. "ನಮ್ಮ ಮನೀಗೆ ನಾಕ್ ದಿನ ಕಳಸ್ರಿ. ಇಬ್ಬರನ್ನೂ ಕೂಡ್ಸಿ ಮಾತಾಡಲಿ."

ಮಡಿವಾಳೆಪ್ಪ ಕಟ್ಟಿನ ಮೇಲಿನ ದಾರವನ್ನು ಹೆಬ್ಬೆರಳಿನಿಂದ ಎಳೆದು ಬಿಟ್ಟರು, ಮತ್ತೆ ಎಳೆದು ಬಿಟ್ಟರು. ಆಮೇಲೆ ಟೇಬಲ್ಲಿಗೆ ಬಂದರು.

"ಪೆನ್ ಕೊಡು."

ತಬಸುಮ್ ಮಾದರಿಯ ಡಬ್ಬಿಯಲ್ಲಿದ್ದ ಅವರ ಕಾರ್ಡನ್ನೇ ಮುಂದಿಟ್ಟಳು. ಅವರು ಈ ಸಲ ಓದಿದರು, ಮೇಲಿನಿಂದ ಕೆಳಗೆ. ಗೌರೀಶನ ಸಾಲಿಗೆ ಬಂದಾಗ ನಿಂತು, ಅವನ ಹೆಂಡತಿಯ ಹೆಸರು ಸರಿಯಾಗಿ ಬಂದಿದೆಯೇ ಎಂದು ಕೇಳಿದರು. ಬಂದಿತ್ತು. ಸಹಿ ಮಾಡಿದರು, ರೂಢಿಯಂತೆ ಕೆಳಗೆ ತಾರೀಖು ಹಾಕಿದರು. ತಾಯಿಯ ಕೋಲು ಎತ್ತಿಕೊಟ್ಟು, "ನಡಿ, ಹೋಗೂಣು," ಎಂದರು.

ಸಂಜೆಯ ಹೊತ್ತಿಗೆ ಗೌರೀಶ ತನ್ನ ಕಾರ್ಡು ಒಯ್ಯಲು ಬಂದ. ಕಟ್ಟು ಕಟ್ಟಿ ಇಟ್ಟಿದ್ದರು. ಅವನು ಕಟ್ಟಿನ ಕಡೆ ನೋಡಲಿಲ್ಲ.

"ಸಾಬ್ರ, ಒಂದು ಮಾತು ಕೇಳ್ತೀನಿ. ಊರಾಗ ನಮ್ಮ ಅಣ್ಣನ ಪತ್ರಿಕಿ ಹಂಚ್ಯಾರ. ಅದರಾಗ ನನ್ನ ಹೆಸರು ಐತಂತ. ನಾ ಕಣ್ಣಾರೆ ನೋಡಿಲ್ಲ. ಖರೇ ಏನು?"

ರಹಿಮಾನಸಾಬರು ಕತ್ತರಿಯ ಧೂಳು ಊದತೊಡಗಿದರು. ಗೌರೀಶ ತಬಸುಮ್ ಕಡೆ ತಿರುಗಿದ.

"ನೀ ಹೇಳು ತಂಗಿ. ಆವತ್ತ ನಾ ಕೇಳಿದಾಗ ನೀ ಸುಮ್ಮನ ನಿಂತಿದ್ದಿ. ಆವಾಗ ಇದ್ದಿದ್ದಿಲ್ಲ. ಈಗ ಹೆಂಗ ಬಂತು? ಅಂವ ಹಾಕ್ಸ್ಯಾನೋ, ನೀವ ಹಾಕೀರೋ?"

ತಬಸುಮ್ ಕ್ಲಿಪ್ಪಿನಿಂದ ಸಹಿ ಇದ್ದ ಕಾರ್ಡು ತೆಗೆದು ಅವನ ಕೈಗೆ ಕೊಟ್ಟಳು.

"ನಿಮ್ಮ ಅಣ್ಣಾರು ಓದಿ ಸಹಿ ಮಾಡ್ಯಾರ್ರಿ, ಕಾಕಾ. ಮೇಲಿಂದ ಕೆಳಗಿನ ತನಕ. ಕಾಕೂನ ಹೆಸರು ಸರಿ ಬಂದೈತೋ ಇಲ್ಲೋ ಅಂತ ಕೇಳಿದ್ರು."

ಗೌರೀಶ ಕಾರ್ಡನ್ನು ಬೆಳಕಿಗೆ ಹಿಡಿದು ಓದಿದ. ಹೆಸರು ನೋಡಿದ. ಸಹಿ ನೋಡಿದ. ಅವನೂ ವ್ಯವಹಾರ ಕಂಡವನೇ. ಕಣ್ಣು ತಾರೀಖಿನ ಮೇಲೆ ನಿಂತಿತು.

"ಇವತ್ತಿಂದು ಐತಿ. ನಿನ್ನೇನ ಒಯ್ದಾನ, ಇವತ್ತ ಸಹಿ ಮಾಡ್ಯಾನ."

ತಬಸುಮ್ ಹೌದೆಂದು ತಲೆ ಆಡಿಸಿದಳು. ಸುಳ್ಳು ಹೇಳುವಂಥದ್ದು ಏನೂ ಉಳಿದಿರಲಿಲ್ಲ; ಅವನು ಕೇಳಿದರೆ ಎಲ್ಲವನ್ನೂ ಹೇಳಲು ತಯಾರಿದ್ದಳು. ಅವನು ಕೇಳಲಿಲ್ಲ.

"ಸಹಿ ಅಣ್ಣಂದ," ಎಂದ ಗೌರೀಶ. ಕಾರ್ಡು ಮರಳಿ ಕೊಟ್ಟು ತನ್ನ ಕಟ್ಟು ಬಗಲಿಗೆ ಹಾಕಿಕೊಂಡ. ಹೊಸ್ತಿಲಲ್ಲಿ ನಿಂತು, "ನಮ್ಮವ್ವನೂ ಬಂದಿದ್ದಳೇನು?" ಎಂದು ಕೇಳಿದ.

"ಬಂದಿದ್ರು."

"ಹಂಗಂತ ಅಂದುಕೊಂಡೆ," ಎಂದು ನಗುತ್ತ ಇಳಿದುಹೋದ.

ಅವನ ಗಾಡಿಯ ಸದ್ದು ಓಣಿಯ ತಿರುವಿನಲ್ಲಿ ಕರಗಿದ ಮೇಲೆ ರಹಿಮಾನಸಾಬರು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡರು.

"ಮಾಡಿ ತೋರಿಸು. ಎರಡು ನಕಲು. ಎರಡನೇದಕ್ಕ ನಿಮ್ಮ ಅಜ್ಜನ್ನ ಹಾಕು."

ತಬಸುಮ್ ಮಾಡಿ ತೋರಿಸಿದಳು. ಮೊದಲನೆಯದನ್ನು ತೆರೆದಳು. ಬಾಬಾಸಾಬರು ಅಲ್ಲಿರಲಿಲ್ಲ. ರಹಿಮಾನಸಾಬರು ತಾವೇ ಮೌಸ್ ಹಿಡಿದು ಮತ್ತೊಮ್ಮೆ ತೆರೆದು ನೋಡಿದರು, ಪಟ್ಟಿಯನ್ನು ಬೆರಳಿಟ್ಟು ಓದಿದರು.

"ಅಬ್ಬಾ, ನೀವು ಹೇಳಿದ್ದು ನನಗ ನೆನಪೈತಿ. ಒಂದು ಹೆಸರು ತಪ್ಪಿ ಹೊರಗ ಹೋತು. ಪುಟ ಬಂದ್ ಮಾಡ್ಲಿ?"

ರಹಿಮಾನಸಾಬರು ಎದ್ದು ಗೋಡೆಯ ಕಡೆ ಹೋದರು. ಮೊಳೆಯಿಂದ ಸ್ಕೇಲು ತೆಗೆದು ಅಂಗೈಗೆ ಎರಡು ಸಲ ತಟ್ಟಿ ಧೂಳು ಝಾಡಿಸಿದರು.

"ಸೋಮವಾರ ಯಾರದು ಐತಿ?"

"ಅಣ್ಣಿಗೇರಿ ಮಂದೀದು. ಜಹೀರುದ್ದೀನ ಚಾಚಾರ ಮನೀದು. ಅವರದೂ ಎರಡು ನಿಕಾಹ್, ಒಂದ ದಿನ."

"ನಿನ್ನ ಪುಟದಾಗ ಮಾಡು," ಎಂದರು ರಹಿಮಾನಸಾಬರು. ಸ್ಕೇಲನ್ನು ಅವಳ ಕೀಬೋರ್ಡಿನ ಪಕ್ಕ ಇಟ್ಟರು. "ಮೊದಲನೇ ಕಾರ್ಡು ಬಂದ ಕೂಡ್ಲೆ ಇದನ್ನ ಇಟಗೊಂಡು ಓದು. ನಾ ಓದಂಗಿಲ್ಲ, ಇನ್ನ ಮ್ಯಾಲೆ ನೀ ಓದಬೇಕು."